ನಾಲ್ಕನೇ ಸಾಲಿನ ತೂತುಗಳು

ಉಮ್ಮತಲಿ ಇಪ್ಪತ್ತೆರಡು ವರ್ಷ ಕಂಪ್ರೆಸರ್ ಮನೆಯಲ್ಲಿ ದುಡಿದಿದ್ದ. ಅಷ್ಟು ವರ್ಷಗಳಲ್ಲಿ ಗಾಳಿಗೂ ಒಂದು ಬೆಲೆಯಿದೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಎಣ್ಣೆಗೆ ಬೆಲೆಯಿತ್ತು, ಬೆಲ್ಟಿಗೆ ಬೆಲೆಯಿತ್ತು, ಬೇರಿಂಗು ಹೋದರೆ ಮೇಲಿನವರಿಂದ ಬೈಗುಳವೂ ಸಿಗುತ್ತಿತ್ತು. ಗಾಳಿ ಮಾತ್ರ ಕಿಟಕಿಯ ಹೊರಗಿನಿಂದ ತಾನಾಗಿ ಬರುವ ವಸ್ತು. ಎಲ್ಲೋ ಒಂದಿಷ್ಟು ಸೋರಿದರೆ ಯಾರಪ್ಪನ ಗಂಟು ಹೋಯಿತು?

ಕುವಾ ಪಟ್ಟಣದಾಚೆ, ದಾಳಿಂಬೆ ತೋಟಗಳು ಮುಗಿದು ಬಯಲು ಶುರುವಾಗುವ ಕಡೆ ಆ ನೇಯ್ಗೆ ಕಾರ್ಖಾನೆ. ಆರು ಸಾಲುಗಳಲ್ಲಿ ಎಪ್ಪತ್ತೆರಡು ಮಗ್ಗ. ಈ ಮಗ್ಗಗಳಿಗೆ ಲಾಳಿಯಿಲ್ಲ. ಹೊಕ್ಕಿನ ನೂಲನ್ನು ಗಾಳಿಯೇ ಊದಿ ಹಾಸಿನ ಈ ಅಂಚಿನಿಂದ ಆ ಅಂಚಿಗೆ ದಾಟಿಸುತ್ತದೆ, ನಿಮಿಷಕ್ಕೆ ಆರುನೂರು ಸಲ. ಆ ಗಾಳಿಯನ್ನು ಅದುಮಿ ತುಂಬಿ ಕಳಿಸುವ ಮೂರು ದೊಡ್ಡ ಕಂಪ್ರೆಸರುಗಳು ಉಮ್ಮತಲಿಯ ಕೈಕೆಳಗಿದ್ದವು. ಅವನ ಎಡಗಿವಿ ಅವುಗಳ ಸದ್ದಿಗೆ ಯಾವಾಗಲೋ ಕಿವುಡಾಗಿತ್ತು. ಬಲಗಿವಿಯಲ್ಲಿ ಕೇಳಿಸುವಷ್ಟು ಸಾಕು ಎಂದು ಅವನು ಅದರ ಚಿಂತೆ ಬಿಟ್ಟಿದ್ದ.

ಮೇ ತಿಂಗಳ ಕೊನೆಗೆ ಡೈರೆಕ್ಟರ್ ನೋಸಿರ್ ಅವನನ್ನು ಕರೆಸಿದ. ನೋಸಿರ್‌ಗೆ ಇನ್ನೂ ನಲವತ್ತಾಗಿರಲಿಲ್ಲ. ಮಾತಿನಲ್ಲಿ ಮರ್ಯಾದೆ ತಪ್ಪುತ್ತಿರಲಿಲ್ಲ, ಹಿರಿಯರು ಬಂದರೆ ಎದ್ದು ನಿಂತು ಎದೆಯ ಮೇಲೆ ಕೈಯಿಡುತ್ತಿದ್ದ. ಕಾರ್ಖಾನೆಗೆ ಸಿಗುವ ಕರೆಂಟನ್ನು ಕಡಿಮೆ ಮಾಡಿದ್ದಾರೆ, ದರವನ್ನೂ ಏರಿಸಿದ್ದಾರೆ, ಬೇಸಗೆಯಲ್ಲಿ ಮಿತಿ ದಾಟಿದರೆ ಲೈನೇ ಕಿತ್ತುಹಾಕುತ್ತಾರೆ ಎಂದು ಅವನು ವಿವರಿಸಿದ. ಕರೆಂಟು ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ತಾಷ್ಕೆಂಟಿನಿಂದ ಒಬ್ಬರು ಬರುತ್ತಾರೆ, ಅವರಿಗೆ ಜೊತೆಯಾಗಿರಬೇಕು ಎಂದ.

ಬಂದವಳು ಲೋಬಾರ್ ಎಂಬ ನಲವತ್ತರ ಹೆಂಗಸು. ಗಂಡಸರ ದಪ್ಪ ಬೂಟು ಹಾಕಿಕೊಂಡು, ಕುತ್ತಿಗೆಗೆ ಸೋರಿಕೆಯ ಸದ್ದು ಹಿಡಿಯುವ ಒಂದು ಕಿವಿಯಂತ್ರ ನೇತುಹಾಕಿಕೊಂಡು ಎರಡು ದಿನ ಪೈಪುಗಳ ಕೆಳಗೆ ಮೇಲೆ ತೆವಳಿದಳು. ಮೂರನೆಯ ದಿನ ಭಾನುವಾರ. ಮಗ್ಗಗಳನ್ನೆಲ್ಲ ನಿಲ್ಲಿಸಿ ಬರೀ ಕಂಪ್ರೆಸರ್ ಓಡಿಸಲು ಹೇಳಿದಳು. ಉಮ್ಮತಲಿಗೆ ಇದು ಹುಚ್ಚಾಟ ಅನ್ನಿಸಿತು. ಟ್ಯಾಂಕು ತುಂಬಿತು, ಯಂತ್ರ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಗುಡುಗಿತು. ಮತ್ತೆ ಸುಮ್ಮನಾಯಿತು, ಮತ್ತೆ ಗುಡುಗಿತು. ಲೋಬಾರ್ ಗಡಿಯಾರ ಹಿಡಿದು ಒಂದು ಗಂಟೆ ಕೂತಳು.

"ಒಂದು ಗೇಣು ಬಟ್ಟೆನೂ ನೇಯ್ತಿಲ್ಲ ಈಗ," ಎಂದಳು, ಕಸುಬಿನ ಹಿರಿಯರನ್ನು ಕರೆಯುವಂತೆ ಅವನನ್ನು ಉಸ್ತಾ ಎಂದು ಕರೆದು. "ಹಾಗಿದ್ರೆ ಇದು ಯಾರಿಗೋಸ್ಕರ ದುಡೀತಿದೆ, ಉಸ್ತಾ?"

ಉಮ್ಮತಲಿ ಹಳೇ ಪೈಪು, ಅಲ್ಲಿಷ್ಟು ಇಲ್ಲಿಷ್ಟು ಸೋರುತ್ತೆ ಎಂದು ಗೊಣಗಿದ.

"ಅಲ್ಲಿಷ್ಟು ಇಲ್ಲಿಷ್ಟು ಅಲ್ಲ. ನೀವು ತುಂಬೋದರಲ್ಲಿ ಮೂರನೇ ಒಂದು ಪಾಲು. ಈ ಕಾರ್ಖಾನೆಯೊಳಗೆ ಗಾಳಿಗಿಂತ ದುಬಾರಿ ಸಾಮಾನು ಇನ್ನೊಂದಿಲ್ಲ. ಹತ್ತು ಪಾಲು ಕರೆಂಟು ನುಂಗುತ್ತೆ, ಒಂದು ಪಾಲು ಕೆಲಸ ಕೊಡುತ್ತೆ, ಮಿಕ್ಕಿದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಪುಕ್ಕಟೆ ಅಂತ ತಿಳ್ಕೊಂಡಿರೋದೇ ನಿಮಗೆ ಹತ್ತಿರೋ ರೋಗ."

ಅವನಿಗೆ ಮೊದಲು ಅವಮಾನವಾಯಿತು. ಆಮೇಲೆ ಆ ಮಾತು ತಲೆಯೊಳಗೆ ಹುಳದ ಹಾಗೆ ಕೊರೆಯತೊಡಗಿತು. ಒಂದು ಮಿಲಿಮೀಟರ್ ತೂತು ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ, ಎರಡು ಮಿಲಿಮೀಟರ್ ಆದರೆ ಅದರ ನಾಲ್ಕರಷ್ಟು ಹೇಗೆ, ಒತ್ತಡವನ್ನು ಒಂದು ಗೆರೆ ಇಳಿಸಿದರೆ ಎಷ್ಟು ಉಳಿಯುತ್ತದೆ ಎಂದು ಲೋಬಾರ್ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಅದನ್ನು ಅವನು ಮಡಚಿ ಟೋಪಿಯೊಳಗೆ ಇಟ್ಟುಕೊಂಡ. ಮಗ್ಗದ ಶೆಡ್ಡಿನ ಶಾಖವನ್ನು ದಿನಕ್ಕೆ ಮೂರು ಸಲ ಬರೆದಿಡಿ ಎಂದೂ ಅವಳು ಹೇಳಿಹೋಗಿದ್ದಳು. ಅದಕ್ಕೊಂದು ಪುಸ್ತಕ ಹೊಲಿದುಕೊಂಡ.

ಜೂನ್ ತಿಂಗಳಿಡೀ ಅವನು ಸೋರಿಕೆ ಬೇಟೆಯಾಡಿದ. ಸೋಪಿನ ನೀರಿನ ಡಬ್ಬಿ, ಒಂದು ಬ್ರಷ್ಷು, ಕೆಂಪು ಚಿಂದಿ ಬಟ್ಟೆ. ಗುಳ್ಳೆ ಎದ್ದಲ್ಲೆಲ್ಲ ಚಿಂದಿ ಕಟ್ಟಿದ. ಕಿವಿ ಕೇಳಿಸದಿದ್ದಲ್ಲಿ ಕೆನ್ನೆ ಒದ್ದೆ ಮಾಡಿಕೊಂಡು ಪೈಪಿಗೆ ಹಿಡಿದು ತಂಪು ತಾಗುತ್ತದೆಯೇ ಎಂದು ನೋಡಿದ. ಇನ್ನೂರ ಹದಿನಾಲ್ಕು ಸೋರಿಕೆ ಸಿಕ್ಕಿತು. ಒಂದೊಂದನ್ನೇ ಮುಚ್ಚಿದ. ಮೂರನೆಯ ಕಂಪ್ರೆಸರನ್ನು ಆರಿಸುವ ದಿನ ಬಂದಾಗ ನೋಸಿರ್ ತಾನೇ ಬಂದು ಸ್ವಿಚ್ಚು ಒತ್ತಿದ. ಗೇಟಿನ ಬಳಿಯ ಹಲಗೆಗೆ ಉಮ್ಮತಲಿಯ ಫೋಟೋ ಹಾಕಿಸಿದ. ಜೀವಮಾನದಲ್ಲಿ ಮೊದಲ ಸಲ ಊರಿನ ಚಹಾದಂಗಡಿಯಲ್ಲಿ ಜನ ಅವನಿಗೆ ಎಲ್ಲರೂ ಕೂತು ಚಹಾ ಕುಡಿಯುವ ಮಂಚದ ತಲೆಭಾಗದಲ್ಲಿ ಹಿರಿಯರ ಜಾಗ ಬಿಟ್ಟುಕೊಟ್ಟರು. ಅವನ ಹಳೆಯ ಗೆಳೆಯನೊಬ್ಬ, ಉಮ್ಮತಲಿ ಗಾಳಿಯನ್ನೇ ಗಂಟು ಕಟ್ಟಿದವನು, ಇನ್ನು ಅವನೆದುರು ಹೂಸು ಬಿಡೋಕ್ಕೂ ಹೆದರಬೇಕು ಎಂದು ಎಲ್ಲರನ್ನೂ ನಗಿಸಿದ. ಉಮ್ಮತಲಿಯೂ ನಕ್ಕ. ಒಳಗೊಳಗೇ ಹಿಗ್ಗಿದ.

ಆದರೆ ಬೇಸಗೆ ಬಲಿತಂತೆ ಕರೆಂಟಿನ ಮಿತಿ ಇನ್ನೊಂದಿಷ್ಟು ಇಳಿಯಿತು. ಜೂನ್ ಕೊನೆಯ ವಾರ ನೋಸಿರ್ ಮಗ್ಗದ ಶೆಡ್ಡಿನ ಗೋಡೆಯಲ್ಲಿದ್ದ ಎಂಟು ದೊಡ್ಡ ಫ್ಯಾನುಗಳನ್ನು ಆರಿಸಿಸಿದ. ಒಳಗಿನ ಬಿಸಿಗಾಳಿಯನ್ನು ಹೊರಕ್ಕೆಳೆಯುತ್ತಿದ್ದ ಫ್ಯಾನುಗಳು ಅವು. ಹಾಸಿನ ನೂಲು ಒಣಗಿ ಕಡಿಯಬಾರದೆಂದು ಆ ಶೆಡ್ಡಿನಲ್ಲಿ ಹಗಲಿಡೀ ನೀರಿನ ಮಂಜು ಊದುತ್ತಾರೆ. ಫ್ಯಾನು ನಿಂತ ಮೇಲೆ ಆ ತೇವವೂ ಮಗ್ಗಗಳ ಕಾವೂ ಒಳಗೇ ಕುದಿಯತೊಡಗಿದವು. ನೇಯುವ ಹೆಂಗಸರು ತಲೆವಸ್ತ್ರವನ್ನು ನೆನೆಸಿ ಕಟ್ಟಿಕೊಂಡರು. ಗಳಿಗೆಯೊಳಗೆ ಅದೂ ಬಿಸಿನೀರ ಬಟ್ಟೆಯಾಗುತ್ತಿತ್ತು.

ಜುಲೈ ಮೊದಲ ವಾರ ನಾಲ್ಕನೇ ಸಾಲಿನಲ್ಲಿ ಒತ್ತಡ ಕುಸಿಯಿತು. ಉಮ್ಮತಲಿ ಸೋಪಿನ ನೀರಿನ ಡಬ್ಬಿ ಹಿಡಿದು ಹೋದ. ದೊಡ್ಡ ಪೈಪಿನಲ್ಲಿ ಏನೂ ಇರಲಿಲ್ಲ. ಅಲ್ಲಿಂದ ಒಂದೊಂದು ಮಗ್ಗಕ್ಕೂ ಎರಡೆರಡಾಗಿ ಇಳಿಯುವ ಮೆತ್ತನೆಯ ನೀಲಿ ನಳಿಗೆಗಳನ್ನು ನೋಡಿದಾಗ ಅವನಿಗೆ ಗೊತ್ತಾಯಿತು. ಆಳೆತ್ತರದಲ್ಲಿ, ಸರಿಯಾಗಿ ಕತ್ತಿನ ಮಟ್ಟಕ್ಕೆ, ಕಾಯಿಸಿದ ದಬ್ಬಳದಿಂದ ಮಾಡಿದ ತೂತುಗಳು. ಕೆಲವಕ್ಕೆ ಬೆಂಕಿಕಡ್ಡಿ ಸಿಕ್ಕಿಸಿತ್ತು. ಮೇಸ್ತ್ರಿ ಬಂದಾಗ ಕಡ್ಡಿ ತುರುಕುವುದು, ಹೋದ ಮೇಲೆ ಕೀಳುವುದು. ಆ ಸಾಲಿನ ಮತ್ತು ಪಕ್ಕದ ಸಾಲಿನ ಮಗ್ಗಗಳಲ್ಲಿ ನಳಿಗೆಗೊಂದರಂತೆ ಒಟ್ಟು ಮೂವತ್ತೊಂದು ಎಣಿಸಿದ.

ನಾಲ್ಕನೇ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಓಯ್ದಿನ್ ಅವನ ಅಕ್ಕ ಇನೋಬತಳ ಮಗಳು. ಮೂವತ್ತೊಂದು ವರ್ಷ, ಒಬ್ಬಳು ಮಗಳ ತಾಯಿ, ಗಂಡ ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳನ್ನು ಕಾರ್ಖಾನೆಗೆ ಸೇರಿಸಿದವನೂ ಉಮ್ಮತಲಿಯೇ. ಊಟದ ಬಿಡುವಿನಲ್ಲಿ ಅವಳನ್ನು ಗೋಡೆಯ ನೆರಳಿಗೆ ಕರೆದು ಇದೇನಿದು ಎಂದು ಕೇಳಿದ. ಅವಳ ಜೊತೆಗೆ ಸಾಲಿನ ಹಿರಿಯಳಾದ ಸಬೊಹತ್ ಕೂಡ ಬಂದು ನಿಂತಳು. ಸಬೊಹತ್‌ಗೆ ನಾಲಿಗೆಯೇ ಆಯುಧ.

"ನೀವು ಕಂಪ್ರೆಸರ್ ಮನೇಲಿ ಬಾಗಿಲು ತಕ್ಕೊಂಡು ಕೂತ್ಕೋತೀರಲ್ಲ ಉಮ್ಮತಲಿ ಅಣ್ಣ, ಒಂದಿನ ನಮ್ಮ ಹತ್ರ ಬಂದು ನಿಂತ್ಕೊಳ್ಳಿ," ಎಂದಳು. "ಮಂತೂ ಕಡುಬು ಬೇಯೋ ಪಾತ್ರೆಗೆ ಮುಚ್ಚಳ ಹಾಕ್ತಾರಲ್ಲ, ಹಾಗಿದೆ ನಮ್ಮ ಪಾಡು."

ಓಯ್ದಿನ್ ನಗುತ್ತಿದ್ದಳು. ಮುಖವೆಲ್ಲ ಕೆಂಪಗೆ ಊದಿತ್ತು. "ಮೊದಲನೇ ತೂತು ನಾನೇ ಮಾಡಿದ್ದು ಮಾವ. ಚಳಿಗಾಲದ ಹಾಗೆ ಬರುತ್ತೆ ಗಾಳಿ. ಒಂದು ನಿಮಿಷ ಕತ್ತು ಹಿಡಿದ್ರೆ ಕಣ್ಣು ಬಿಡೋಕ್ಕಾಗುತ್ತೆ. ನಮ್ಮ ಸಾಲಿನದ್ದು ಬಿಟ್ಬಿಡಿ. ನೀವು ನೋಡೇ ಇಲ್ಲ ಅಂದ್ಕೊಳ್ಳಿ."

ಅದುಮಿದ ಗಾಳಿಯೊಂದಿಗೆ ಆಟ ಬೇಡ, ಚರ್ಮದೊಳಗೆ ನುಗ್ಗಿದರೆ ಕೈ ಕತ್ತರಿಸಬೇಕಾಗುತ್ತದೆ, ಕಿವಿಯ ತಮಟೆ ಹರಿದೀತು ಎಂದು ಉಮ್ಮತಲಿ ಬೈದ. ಸುಳ್ಳೇನೂ ಹೇಳಲಿಲ್ಲ. ಅಂಥದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಹಾಗೆ ಬೈಯುವಾಗಲೂ ಟೋಪಿಯೊಳಗಿನ ಹಾಳೆ ಅವನ ನೆನಪಿಗೆ ಬರುತ್ತಿತ್ತು. ಮೂವತ್ತೊಂದು ತೂತು, ಒಂದೊಂದೂ ಎರಡು ಮಿಲಿಮೀಟರ್. ಅವನು ಅಲ್ಲೇ ನಿಂತು ಲೆಕ್ಕ ಹಾಕಿದ. ಎಂಟು ಫ್ಯಾನುಗಳು ತಿನ್ನುತ್ತಿದ್ದುದಕ್ಕಿಂತ ಈ ತೂತುಗಳೇ ಹೆಚ್ಚು ತಿನ್ನುತ್ತಿದ್ದವು.

ಆ ಲೆಕ್ಕವನ್ನೇ ಹಿಡಿದು ಅವನು ನೋಸಿರ್ ಬಳಿ ಹೋದ. ಹೋಗುವಾಗ ಹುಮ್ಮಸ್ಸಿತ್ತು. ಗಾಳಿಯ ಬೆಲೆ ತಿಳಿದವನ ಮಾತು, ಡೈರೆಕ್ಟರ್ ಕೇಳದೆ ಇರುತ್ತಾನೆಯೇ ಎಂದುಕೊಂಡಿದ್ದ. ಫ್ಯಾನು ಹಾಕಿದರೆ ಹೆಂಗಸರು ನಳಿಗೆ ಮುಟ್ಟುವುದಿಲ್ಲ, ಫ್ಯಾನಿಗೆ ಹೋಗುವ ಕರೆಂಟು ತೂತಿಗೆ ಹೋಗುವುದಕ್ಕಿಂತ ಕಡಿಮೆ, ಹೇಗೆ ನೋಡಿದರೂ ಕಾರ್ಖಾನೆಗೇ ಲಾಭ ಎಂದು ಹಾಳೆ ಬಿಡಿಸಿ ತೋರಿಸಿದ.

ನೋಸಿರ್ ತಾಳ್ಮೆಯಿಂದ ಪೂರ್ತಿ ಕೇಳಿದ. ಅವನಿಗೆ ಚಹಾ ಬಗ್ಗಿಸಿ ಕೊಟ್ಟ.

"ಲೆಕ್ಕ ಸರಿಯಾಗಿದೆ ಉಸ್ತಾ," ಎಂದ. "ಫ್ಯಾನು ಕಡಿಮೆ, ತೂತು ಜಾಸ್ತಿ. ಆದರೆ ಎರಡೂ ಇಲ್ಲದಿದ್ರೆ ಇನ್ನೂ ಕಡಿಮೆ ಅಲ್ವಾ?"

ಉಮ್ಮತಲಿ ಬಿಡಿಸಿದ ಹಾಳೆಯನ್ನು ಮತ್ತೆ ಟೋಪಿಯೊಳಗಿಟ್ಟ.

"ಇದು ನಲವತ್ತು ದಿನದ ಮಾತು. ಬಿರುಬೇಸಗೆಯ ಚಿಲ್ಲಾ ಕಳೆದ್ರೆ ಬಿಸಿಲು ತಾನೇ ಇಳಿಯುತ್ತೆ. ಲೈನು ಕಿತ್ತುಹಾಕಿದ್ರೆ ಮುನ್ನೂರು ಜನ ಮನೇಗೆ ಹೋಗ್ತಾರೆ, ನಿಮ್ಮ ಓಯ್ದಿನ್ ಕೂಡ ಸೇರಿ. ಏನಾಗ್ಬೇಕು ಅವಳು ನಿಮಗೆ? ಸೋದರಿಯ ಮಗಳು. ಹ್ಞಾ. ಆ ನಳಿಗೆ ಹಾಳು ಮಾಡಿದವರ ಸಂಬಳದಲ್ಲಿ ಹಿಡೀಬೇಕು ಅಂತ ಮೇಸ್ತ್ರಿ ಹೇಳ್ತಿದ್ದ. ನಾನೇ ತಡೆದಿದೀನಿ. ನೀವು ಸದ್ದಿಲ್ಲದೆ ಬದಲಾಯಿಸಿಬಿಟ್ರೆ ಅದು ಅಲ್ಲಿಗೇ ಮುಗೀತು."

ಇದಾದ ಮೇಲೆ ಬಂದ ಭಾನುವಾರ ಉಮ್ಮತಲಿ ಒಬ್ಬನೇ ಮಗ್ಗದ ಶೆಡ್ಡಿಗೆ ಹೋದ. ಮೂವತ್ತೊಂದು ನಳಿಗೆ ಬಿಚ್ಚಿ, ಹೊರಗೆ ತಂತಿಯ ಹೆಣಿಗೆ ಇರುವ ಗಟ್ಟಿ ನಳಿಗೆಗಳನ್ನು ಹಾಕಿದ. ದಬ್ಬಳವಲ್ಲ, ಮೊಳೆ ಹೊಡೆದರೂ ಅವುಗಳಲ್ಲಿ ತೂತಾಗುವುದಿಲ್ಲ. ಹೆಂಗಸರಿಗೆ ದಂಡ ಬೀಳುವುದು ತಪ್ಪಿತು ಎಂದು ತನಗೆ ತಾನೇ ಹೇಳಿಕೊಂಡ. ಕೆಲಸ ಮುಗಿಸಿ ಒತ್ತಡದ ಮುಳ್ಳು ನೋಡಿದ. ಅದು ಕದಲದೆ ನಿಂತಿತ್ತು. ಎಷ್ಟೋ ದಿನದ ಮೇಲೆ ಹಾಗೆ ನಿಂತದ್ದನ್ನು ನೋಡಿ ಅವನಿಗೆ ಸಂತೋಷವೇ ಆಯಿತು. ಮುಂದೆ ಆ ಸಂತೋಷವನ್ನು ನೆನೆದು ಅವನು ತನ್ನನ್ನೇ ಎಷ್ಟು ಶಪಿಸಿಕೊಂಡನೆಂಬುದಕ್ಕೆ ಮಿತಿಯಿಲ್ಲ.

ಸೋಮವಾರ ಓಯ್ದಿನ್ ಎದುರಾದಾಗ ಮಾತಾಡಿಸಲಿಲ್ಲ. ಮಂಗಳವಾರ ಮಾತ್ರ ಕಂಪ್ರೆಸರ್ ಮನೆಯ ಬಾಗಿಲಿಗೆ ಬಂದು, ಒಂದು ಸೀಸೆಯ ತುಂಬ ಮಜ್ಜಿಗೆಯನ್ನು ಅಲ್ಲಿಯ ತಂಪು ನೀರಿನ ತೊಟ್ಟಿಯಲ್ಲಿ ಇಡಲು ಕೇಳಿದಳು. ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದಿದ್ದಳು. ಬರಲಿಲ್ಲ. ಒಂದು ನಿಮಿಷ ಮಗ್ಗ ನಿಂತರೂ ಮೇಸ್ತ್ರಿ ಬರೆದುಕೊಳ್ಳುತ್ತಿದ್ದ ದಿನಗಳು ಅವು.

ಚಿಲ್ಲಾದ ಹತ್ತೊಂಬತ್ತನೆಯ ದಿನ ಹೊರಗೆ ನಲವತ್ತನಾಲ್ಕು ಡಿಗ್ರಿ ಇತ್ತು. ಬೆಳಗ್ಗೆ ಹನ್ನೊಂದಕ್ಕೆ ಉಮ್ಮತಲಿ ಶೆಡ್ಡಿನ ಶಾಖ ಬರೆದ. ಒಳಗೂ ನಲವತ್ತೊಂದು, ಹಬೆಯ ತೇವ ಬೇರೆ. ಮೂರು ಗಂಟೆಗೆ ಮತ್ತೆ ಬರೆಯಲು ಹೋದಾಗ ನಾಲ್ಕನೇ ಸಾಲಿನ ಎರಡು ಮಗ್ಗ ನಿಂತಿದ್ದವು. ಹೆಂಗಸರು ಗುಂಪುಗೂಡಿದ್ದರು.

ಆಮೇಲೆ ಸಬೊಹತ್ ಹೇಳಿದ್ದು ಹೀಗೆ. ಊಟದ ನಂತರ ಓಯ್ದಿನ್ ಬೆವರುವುದು ನಿಂತಿತ್ತು. ಕಾದ ಒಣ ಹಂಚಿನ ಹಾಗೆ ಇದ್ದಳು. ನೂಲು ಕಡಿದಾಗ ಗಂಟು ಹಾಕುವ ಬದಲು ಮಗ್ಗದ ಮೇಲೆ ರೇಗತೊಡಗಿದಳು, ಅದನ್ನು ತನ್ನ ಗಂಡನ ಹೆಸರಿನಿಂದ ಕರೆದು ಮನೆಗೆ ಬಾ ಎಂದಳು. ಪಕ್ಕದವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಅವಳು ಹೊಸ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತನ್ನು ಅದಕ್ಕೆ ಒತ್ತಿಕೊಂಡು, ಹಾಗೇ ಜಾರಿ ಕೆಳಗೆ ಕೂತಳು.

ಉಮ್ಮತಲಿ ಅವಳನ್ನು ಎತ್ತಿಕೊಂಡಾಗ ಮೈ ಸುಡುತ್ತಿತ್ತು. ನರ್ಸಿನ ಕೋಣೆಯಲ್ಲಿ ಮೂಸಿಸುವ ಔಷಧಿಯೂ ಎದೆನೋವಿನ ಮಾತ್ರೆಯೂ ಬಿಟ್ಟರೆ ಏನೂ ಇರಲಿಲ್ಲ. ಕಂಪ್ರೆಸರ್ ಮನೆಯ ನೀರಿನ ತೊಟ್ಟಿಯ ಬಳಿಗೆ ಒಯ್ದು ನೀರು ಸುರಿದರು. ಆಂಬ್ಯುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳ ಕೈಕಾಲು ಅದಿರುತ್ತಿದ್ದವು.

ಒಂಬತ್ತು ದಿನ ಅವಳಿಗೆ ಪ್ರಜ್ಞೆ ಬರಲಿಲ್ಲ. ಹತ್ತನೆಯ ದಿನ ಕಣ್ಣು ತೆರೆದಳು, ಜನರ ಗುರುತು ಹಿಡಿದಳು. ಇನೋಬತ್ ಫರ್ಗಾನದ ಆಸ್ಪತ್ರೆಯ ಮೊಗಸಾಲೆಯಲ್ಲೇ ದೇವರಿಗೆ ಕೈಯೆತ್ತಿದಳು. ಆದರೆ ನೀರಿನ ಬಟ್ಟಲು ಕೊಟ್ಟಾಗ ಓಯ್ದಿನಳ ಕೈ ಬಟ್ಟಲನ್ನು ದಾಟಿ ಮುಂದಕ್ಕೆ ಹೋಯಿತು. ಮಾತು ಕುಡಿದವರ ಮಾತಿನ ಹಾಗೆ ಎಳೆದೆಳೆದು ಬಂತು. ಎದ್ದು ನಿಲ್ಲಿಸಿದರೆ ನೆಲವೇ ಓಲಾಡಿದಂತೆ ಒಂದು ಕಡೆಗೆ ವಾಲಿದಳು. ತಲೆಯೊಳಗೆ ಮೈಯನ್ನು ಹಿಡಿತದಲ್ಲಿಡುವ ಭಾಗ ಬೆಂದುಹೋಗಿದೆ, ಸ್ವಲ್ಪ ಸುಧಾರಿಸಬಹುದು, ಪೂರ್ತಿ ಸರಿಹೋಗುವುದು ಕಷ್ಟ ಎಂದು ವೈದ್ಯರು ಹೇಳಿದರು.

ಆಗಸ್ಟಿನಲ್ಲಿ ತನಿಖೆಗೆಂದು ಮೂವರು ಬಂದರು. ಅದಕ್ಕೆ ಎರಡು ದಿನ ಮೊದಲು ನೋಸಿರ್ ಉಮ್ಮತಲಿಯನ್ನು ಕರೆಸಿ ಒಂದು ಕಾಗದ ಮುಂದಿಟ್ಟಿದ್ದ. ಓಯ್ದಿನ್ ಹಿಂದಿನಿಂದಲೂ ರಕ್ತ ಕಡಿಮೆಯಿದ್ದ ಹೆಂಗಸು, ಆ ದಿನ ಊಟ ಮಾಡಿರಲಿಲ್ಲ, ನೀರು ಕುಡಿದಿರಲಿಲ್ಲ ಎಂದು ಅದರಲ್ಲಿತ್ತು. ಕಾರ್ಖಾನೆಯ ಪರವಾಗಿ ಹಿರಿಯ ಕೆಲಸಗಾರನ ಸಹಿ ಬೇಕಿತ್ತು. ಉಮ್ಮತಲಿ ಕಾಗದವನ್ನು ಹಿಂದಕ್ಕೆ ತಳ್ಳಿ ಎದ್ದುಬಂದ. ನೋಸಿರ್ ಒತ್ತಾಯಿಸಲಿಲ್ಲ, ನಿಮ್ಮ ಮನಸ್ಸು ಹೇಳಿದ ಹಾಗೆ ಮಾಡಿ ಎಂದ.

ತನಿಖೆಯವರ ಮುಂದೆ ಉಮ್ಮತಲಿ ಇಡೀ ಕಥೆ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಶಾಖ ಬರೆದ ಪುಸ್ತಕವನ್ನು ಮೇಜಿನ ಮೇಲಿಟ್ಟ. ಫ್ಯಾನು ಆರಿಸಿದ್ದು, ತಾಳಲಾರದೆ ಹೆಂಗಸರು ನಳಿಗೆಗೆ ತೂತು ಮಾಡಿದ್ದು, ತಾನು ಡೈರೆಕ್ಟರ್ ಬಳಿ ಹೋಗಿ ಕೇಳಿದ್ದು, ಕೊನೆಗೆ ತನ್ನ ಕೈಯಾರೆ ಆ ತೂತುಗಳನ್ನು ಇಲ್ಲವಾಗಿಸಿದ್ದು. ತಪ್ಪು ನನ್ನದೂ ಇದೆ, ಬರೆದುಕೊಳ್ಳಿ ಎಂದ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂವರಲ್ಲಿ ಹಿರಿಯನಾದವನು ಒಂದೇ ಒಂದು ಪ್ರಶ್ನೆ ಕೇಳಿದ.

"ಆ ತೂತು ಮಾಡಿದವರು ಯಾರ್ಯಾರು?"

ಉಮ್ಮತಲಿ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಯಾವ ಮಗ್ಗಕ್ಕೆ ಯಾರು ಎಂದು ಮೇಸ್ತ್ರಿಯ ಪಟ್ಟಿಯಲ್ಲಿ ಇದ್ದೇ ಇತ್ತು. ಬಿಚ್ಚಿದ ಮೂವತ್ತೊಂದು ನೀಲಿ ನಳಿಗೆಗಳನ್ನು ಅವನೇ ಮಗ್ಗದ ನಂಬರು ಬರೆದು ಜೋಪಾನವಾಗಿ ಉಗ್ರಾಣದಲ್ಲಿ ಕಟ್ಟಿಟ್ಟಿದ್ದ. ಯಾರೋ ಹೋಗಿ ತಂದರು.

ಹದಿನೈದು ದಿನದ ಮೇಲೆ ಬಂದ ವರದಿಯಲ್ಲಿ ಎಲ್ಲವೂ ಅವನು ಹೇಳಿದಂತೆಯೇ ಇತ್ತು. ಕೆಲಸಗಾರರು ಕಾರ್ಖಾನೆಯ ಗಾಳಿಯ ನಳಿಗೆಗಳನ್ನು ಬೇಕೆಂದೇ ಹಾಳುಮಾಡಿದ್ದರು. ಜೀವಕ್ಕೆ ಅಪಾಯವಾದ್ದರಿಂದ ಮೈಗೆ ಅದುಮಿದ ಗಾಳಿ ಹಿಡಿಯಬಾರದು ಎಂಬ ನಿಯಮವನ್ನು ಮೀರಿದ್ದರು. ಮೇಸ್ತ್ರಿಯ ಹೇಳಿಕೆಯಂತೆ ಮೊದಲು ಹೀಗೆ ಮಾಡಿದವಳು ಓಯ್ದಿನ್. ಮೆಕ್ಯಾನಿಕ್ ಉಮ್ಮತಲಿ ಅದನ್ನು ಸರಿಪಡಿಸಿ ತನ್ನ ಕರ್ತವ್ಯ ಮಾಡಿದ್ದ. ಶಾಖ ಹೆಚ್ಚಿದ್ದದ್ದು ನಿಜ, ಅದಕ್ಕೆ ಕಾರ್ಖಾನೆಗೆ ಎಚ್ಚರಿಕೆ. ಆದರೆ ತಪ್ಪಿನಲ್ಲಿ ಅರ್ಧ ಅವಳದೂ ಆದ್ದರಿಂದ ಅವಳಿಗೆ ಸಿಗಬೇಕಾದ ಪರಿಹಾರ ಅರ್ಧಕ್ಕಿಳಿಯಿತು. ಅದೇ ವಾರ ಸಬೊಹತ್ ಮತ್ತು ಇನ್ನು ಮೂವರನ್ನು ಕೆಲಸದಿಂದ ತೆಗೆದರು.

ಸಬೊಹತ್ ತನ್ನ ಚಪ್ಪಲಿ, ಬಟ್ಟಲು, ನಮಾಜಿನ ಬಟ್ಟೆಯ ಗಂಟು ಹಿಡಿದು ಗೇಟಿನತ್ತ ಹೋಗುವಾಗ ಕಂಪ್ರೆಸರ್ ಮನೆಯ ಮುಂದೆ ನಿಂತಳು. ಉಮ್ಮತಲಿ ಹೊರಗೆ ಬಂದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಚೆನ್ನಾಗಿತ್ತು.

"ನಿಜ ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ ಅಣ್ಣ," ಎಂದಳು. "ಆದ್ರೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ನೀವು ತೂತು ಮುಚ್ಚುವಾಗ್ಲೂ ಕೇಳಲಿಲ್ಲ, ಬಾಯಿ ಬಿಡುವಾಗ್ಲೂ ಕೇಳಲಿಲ್ಲ."

ಅವಳು ಹೋದ ಮೇಲೆ ಅವನು ರಾಜೀನಾಮೆ ಬರೆದ. ನೋಸಿರ್ ಗೇಟಿನವರೆಗೂ ಬಂದು ಬೀಳ್ಕೊಟ್ಟ.

ಇನೋಬತಳ ಮನೆಗೆ ಅವನು ದಿನಾ ಹೋಗತೊಡಗಿದ. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮಂಚದ ಮೇಲೆ ಓಯ್ದಿನ್ ಮಲಗಿರುತ್ತಿದ್ದಳು. ಅಕ್ಕ ತಮ್ಮನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನೆದುರು ರೊಟ್ಟಿ ಮುರಿಯಲಿಲ್ಲ, ಚಹಾ ಬಗ್ಗಿಸಲಿಲ್ಲ. ಬಾಗಿಲಿಗೆ ಬಂದ ಶತ್ರುವಿಗೂ ಒಂದು ಬಟ್ಟಲು ಚಹಾ ಕೊಡುವ ಊರಿನಲ್ಲಿ ಅವನು ಬರಿಬಾಯಲ್ಲಿ ಕೂತು, ಅಕ್ಕನ ಮಗಳನ್ನು ಹಿಡಿದು ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಿ, ಸೌದೆ ಒಡೆದುಕೊಟ್ಟು, ಹಾಗೇ ಎದ್ದುಹೋಗುತ್ತಿದ್ದ. ಓಯ್ದಿನಳ ಮಗಳು ನಿಗೋರಾ, ಎಂಟು ವರ್ಷದವಳು, ತಾಯಿಯ ಬಾಯಿಂದ ಸುರಿದ ಸೂಪನ್ನು ಒರೆಸುವುದನ್ನು ಕಲಿತಿದ್ದಳು.

ಸೆಪ್ಟೆಂಬರಿನಲ್ಲಿ ಲೋಬಾರ್‌ಳಿಂದ ಫೋನು ಬಂತು. ಕಾರ್ಖಾನೆಯ ಉಳಿತಾಯವನ್ನು ಬೇರೆ ಕಾರ್ಖಾನೆಗಳಿಗೆ ಮಾದರಿಯಾಗಿ ತೋರಿಸಬೇಕಂತೆ, ಉಸ್ತಾ ಬಂದು ನಾಲ್ಕು ಮಾತಾಡಬೇಕು ಎಂದಳು. ಉಮ್ಮತಲಿ ಬಲಗಿವಿಗೆ ಫೋನು ಒತ್ತಿಕೊಂಡು ನಡೆದದ್ದನ್ನು ಹೇಳಿದ. ಆ ಕಡೆ ಹಾಳೆಗಳನ್ನು ಮಗುಚುವ ಸದ್ದು ಕೇಳಿಸಿತು.

"ನಿಮ್ಮ ಕಾರ್ಖಾನೆಗೆ ಕೊಟ್ಟ ವರದಿಯ ಹನ್ನೊಂದನೇ ಪುಟದಲ್ಲಿ ಬರೆದಿದ್ದೆ ನಾನು," ಎಂದಳು ಕೊನೆಗೆ. "ಶೆಡ್ಡಿನ ಫ್ಯಾನು ಮುಟ್ಟಬೇಡಿ, ಅದರಲ್ಲಿ ಉಳಿಸೋದು ಏನಿಲ್ಲ, ಜನ ಬೀಳ್ತಾರೆ ಅಂತ. ಅದಕ್ಕೇ ಶಾಖ ಬರೆದಿಡಿ ಅಂದಿದ್ದು ನಿಮಗೆ. ಯಾಕೆ ಅಂತ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಆ ಪುಟವನ್ನು ಕಳಿಸಿದಳು. ನೋಸಿರ್‌ನ ಸಹಿಯೂ ತಾರೀಕೂ ಅದರ ಕೆಳಗಿತ್ತು. ಉಮ್ಮತಲಿ ಈ ಸಲ ಅದನ್ನು ಹಿಡಿದು ಯಾರ ಬಳಿಗೂ ಒಬ್ಬನೇ ಓಡಲಿಲ್ಲ. ಮೊದಲು ಸಬೊಹತಳ ಮನೆಗೆ ಹೋಗಿ ಓದಿ ತೋರಿಸಿದ, ಆಮೇಲೆ ಇನೋಬತಳಿಗೆ. ಏನು ಮಾಡಬೇಕೆಂದು ಅವರನ್ನೇ ಕೇಳಿದ. ಸಬೊಹತ್ ತನ್ನ ತಂಗಿಯ ಗಂಡನ ಪರಿಚಯದ ವಕೀಲನೊಬ್ಬನನ್ನು ಹಿಡಿದಳು. ಮರುತನಿಖೆಗೆ ಅರ್ಜಿ ಹೋಯಿತು. ಕೆಲಸ ಹೋದ ನಾಲ್ವರೂ ಹೆಸರು ಹಾಕಿದರು, ಕೆಲಸದಲ್ಲಿದ್ದವರಲ್ಲಿ ಒಬ್ಬಳೂ ಹಾಕಲಿಲ್ಲ. ಅವರನ್ನು ದೂರುವ ಹಾಗೂ ಇರಲಿಲ್ಲ.

ಅಕ್ಟೋಬರ್ ಕಳೆದು ತೀರ್ಪು ಬಂತು. ನೋಸಿರ್‌ಗೆ ದಂಡ ಬಿತ್ತು. ಓಯ್ದಿನಳ ತಪ್ಪು ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. ಕಾಲು ಭಾಗ ಯಾಕೆ ಎಂದು ಇನೋಬತ್ ಮತ್ತೆ ಮತ್ತೆ ಕೇಳಿದಳು, ಆ ಕಾಲು ಭಾಗ ಅವಳ ಮೈಯಲ್ಲಿ ಎಲ್ಲಿದೆ ತೋರಿಸಿ ಎಂದಳು. ವಕೀಲ ಕಾಗದ ಮಡಚಿದ. ಕೆಲಸ ಕಳೆದುಕೊಂಡ ನಾಲ್ವರನ್ನು ವಾಪಸು ತೆಗೆದುಕೊಳ್ಳುವ ಮಾತು ತೀರ್ಪಿನಲ್ಲಿ ಇರಲಿಲ್ಲ. ಸಬೊಹತ್ ಮಾರುಕಟ್ಟೆಯಲ್ಲಿ ದಾಳಿಂಬೆ ಮಾರಲು ಕೂತಳು. ಮಗ್ಗದ ಶೆಡ್ಡಿನ ಫ್ಯಾನುಗಳನ್ನು ಮಾತ್ರ ಕೂಡಲೇ, ಕೆಲಸದ ಹೊತ್ತು ಪೂರ್ತಿ, ತಪ್ಪದೆ ಓಡಿಸಬೇಕೆಂದು ಆಜ್ಞೆಯಾಗಿತ್ತು.

ನವೆಂಬರಿನ ಒಂದು ಮಧ್ಯಾಹ್ನ. ಬೆಳಗ್ಗೆ ಹಿಮ ಬಿದ್ದು ಕರಗಿತ್ತು. ದ್ರಾಕ್ಷಿ ಬಳ್ಳಿಯನ್ನು ಇಳಿಸಿ ಮಣ್ಣು ಮುಚ್ಚುವ ಕೆಲಸದಲ್ಲಿ ಉಮ್ಮತಲಿ ಇದ್ದ. ಓಯ್ದಿನ್ ಗೋಡೆಗೊರಗಿ ಹತ್ತಿಯ ದಪ್ಪ ನಿಲುವಂಗಿ ಹೊದ್ದು ಬಿಸಿಲಿಗೆ ಕೂತಿದ್ದಳು. ತೊಡೆಯ ಮೇಲೆ ಎರಡು ನೂಲಿನ ತುಂಡು. ವೈದ್ಯರು ಬೆರಳಿಗೆ ಕೆಲಸ ಕೊಡಿ ಎಂದಿದ್ದರಿಂದ ನಿಗೋರಾ ಕೊಟ್ಟುಹೋಗಿದ್ದಳು. ಕಣ್ಣು ಮುಚ್ಚಿಯೂ ಕ್ಷಣದಲ್ಲಿ ಹಾಕುತ್ತಿದ್ದ ಗಂಟನ್ನು ಅವಳು ಒಂದು ಗಂಟೆಯಿಂದ ಹಾಕಲು ನೋಡುತ್ತಿದ್ದಳು. ಬೆರಳುಗಳು ನೂಲನ್ನು ಬಿಟ್ಟು ಬೇರೆಲ್ಲಾ ಕಡೆ ಹೋಗುತ್ತಿದ್ದವು.

"ಮಾವ," ಎಂದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. "ಫ್ಯಾನು. ಹಾಕಿದ್ರಾ?"

ಹಾಕಿದ್ದಾರೆ ಎಂದು ಉಮ್ಮತಲಿ ಹೇಳಿದ. ಎಂಟೂ ಓಡುತ್ತಿವೆ ಎಂದ. ಆಮೇಲೆ, ಅವಳಿಗೆ ಸುಳ್ಳು ಹೇಳಬಾರದು ಎನ್ನಿಸಿ, ಮಾರುಕಟ್ಟೆಯಲ್ಲಿ ಸಬೊಹತ್ ಹೇಳಿದ್ದನ್ನೂ ಹೇಳಿದ. ಹೊರಗೆ ಹೀಗೆ ಕೊರೆಯುವಾಗ ಒಳಗಿನ ಬೆಚ್ಚನೆಯ ಗಾಳಿಯನ್ನೆಲ್ಲ ಆ ಫ್ಯಾನುಗಳು ಎಳೆದು ಹೊರಹಾಕುತ್ತಿವೆ. ಹೆಂಗಸರು ಶಾಲು ಹೊದ್ದು, ಕೈಗೆ ಕಾಲುಚೀಲ ಹಾಕಿಕೊಂಡು ನೇಯುತ್ತಿದ್ದಾರೆ. ಆರಿಸಿ ಎಂದು ಕೇಳಿದರೆ, ಆಜ್ಞೆಯಾಗಿದೆ, ನಿಮ್ಮ ಹೆಂಗಸರೇ ಅರ್ಜಿ ಹಾಕಿ ತಂದದ್ದಲ್ಲವೇ ಎಂದು ಮೇಸ್ತ್ರಿ ಕಾಗದ ತೋರಿಸುತ್ತಾನೆ.

ಓಯ್ದಿನ್ ನೂಲಿನ ತುಂಡುಗಳನ್ನು ಬಿಟ್ಟು ಅವನತ್ತ ನೋಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಈಚೆಗೆ ಅವಳ ಮುಖ ನೋಡಿ ತಿಳಿಯುವುದು ಕಷ್ಟವಾಗಿತ್ತು.

"ಈಗ... ಯಾಕೆ?" ಎಂದಳು.

ಉಮ್ಮತಲಿ ಕೈಯ ಮಣ್ಣು ಒರೆಸಿಕೊಂಡ. ಬಿಸಿಲು ಗೋಡೆಯಿಂದ ಸರಿದಿತ್ತು. ಅವನು ಹೋಗಿ ಅವಳ ತೋಳಿನ ಕೆಳಗೆ ಕೈಕೊಟ್ಟು ಎಬ್ಬಿಸಿದ. ಅವಳು ಎಡಕ್ಕೆ ವಾಲಿದಳು, ಅವನು ಬಲವಾಗಿ ಹಿಡಿದುಕೊಂಡ. ಇಬ್ಬರೂ ಒಂದೊಂದೇ ಹೆಜ್ಜೆ ಇಡುತ್ತ ಒಲೆ ಉರಿಯುತ್ತಿದ್ದ ಕೋಣೆಯ ಕಡೆಗೆ ನಡೆದರು.